120 ರೂಪಾಯಿಯ ಜಪಸರ, ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದು ಮಣಿ ಕಮ್ಮಿ ಇದೆ. ನಮ್ಮ ಕ್ಯಾಥೊಲಿಕರ ಜಪಸರ, ಅಂದರೆ ರೋಸರಿ, ಅದರಲ್ಲಿ 59 ಮಣಿ ಇರಬೇಕು. ನನ್ನದರಲ್ಲಿ 58. ಹತ್ತು ಹತ್ತು ಮಣಿಯ ಐದು ಗುಂಪು ಇರುತ್ತದೆ, ಒಂದೊಂದನ್ನೂ ಹತ್ತು ಅನ್ನುತ್ತೇವೆ; ಮೂರನೇ ಹತ್ತರಲ್ಲಿ ಒಂಬತ್ತೇ ಪೋಣಿಸಿದ್ದಾರೆ. ಬರೀ ಸರಕು ಅಂತ ನೋಡಿದರೆ ಐದಕ್ಕೆ ಎರಡೂವರೆಗಿಂತ ಜಾಸ್ತಿ ಕೊಡಲು ಮನಸ್ಸಿಲ್ಲ. ಆದರೆ ಫೋನ್ ಬಿಟ್ಟರೆ ಕಳೆದ ಒಂದು ವರ್ಷದಲ್ಲಿ ದಿನಾ ನನ್ನ ಕೈಯಲ್ಲಿ ಇದ್ದದ್ದು ಇದೊಂದೇ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕೊಂಡಿದ್ದು ನಾನಲ್ಲ, ಅಮ್ಮ. ಹೋದ ವರ್ಷ ಶಿವಾಜಿನಗರದ ಸೇಂಟ್ ಮೇರೀಸ್ ಬಸಿಲಿಕಾ ಹಬ್ಬದ ಹೊತ್ತಿನಲ್ಲಿ. ಬೆಂಗಳೂರಿನವರಿಗೆ ಗೊತ್ತಿರುತ್ತದೆ, ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ, ಒಂಬತ್ತು ದಿನ ನೊವೇನ ಅನ್ನುವ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ಸೀರೆ ಉಟ್ಟ ಮರಿಯಾ ಮಾತೆಯ ತೇರು. ಆ ದಿನಗಳಲ್ಲಿ ಸುತ್ತಲಿನ ಫುಟ್‌ಪಾತ್ ತುಂಬಾ ಅಂಗಡಿ. ಮೇಣದ ಬತ್ತಿ, ಹೂವಿನ ಹಾರ, ಕಡಲೆಪುರಿ, ಪ್ಲಾಸ್ಟಿಕ್ ಆಟಿಕೆ, ಅದರ ಮಧ್ಯದಲ್ಲಿ ಮೊಳೆಗೆ ನೇತುಹಾಕಿದ ಜಪಸರಗಳ ಗೊಂಚಲು. ಹಬ್ಬ ಮುಗಿದರೆ ಅಂಗಡಿಯೂ ಮಾಯ. ಅಮ್ಮ 150 ಹೇಳಿದ್ದನ್ನು 120ಕ್ಕೆ ಇಳಿಸಿ ತಂದರು. ಇಳಿಸಿದ್ದನ್ನು ಮನೆಗೆ ಬಂದು ಮೂರು ಸಲ ಹೇಳಿದರು.

ವಸ್ತು ಹೇಗಿದೆ ಅಂದರೆ, ಕಡಲೆಕಾಳಿನ ಗಾತ್ರದ ಮರದ ಮಣಿ, ಕಂದು ಬಣ್ಣ, ಪಾಲಿಶ್ ಜಾಸ್ತಿ ಇಲ್ಲ. ಚೈನ್ ಇಲ್ಲ, ದಪ್ಪ ಕಪ್ಪು ದಾರ. ಪ್ರತಿ ಮಣಿಯ ಮಧ್ಯೆ ಚೂರು ಜಾಗ ಇದೆ, ಬೆರಳಿಗೆ ಮುಂದಿನ ಮಣಿ ಸಿಗುವಷ್ಟು. ಶಿಲುಬೆಯೂ ಮರದ್ದೇ, ಅದರ ಮೇಲೆ ಅಂಟಿಸಿದ ತೆಳ್ಳಗಿನ ಲೋಹದ ಯೇಸು. ಆ ಅಂಟು ಎರಡನೇ ತಿಂಗಳಿಗೇ ಬಿಟ್ಟಿತು, ಫೆವಿಕ್ವಿಕ್ ಹಾಕಿ ಕೂರಿಸಿದ್ದೇನೆ. ಶುರುವಿನಲ್ಲಿ ವಾರ್ನಿಶ್ ವಾಸನೆ ಇತ್ತು. ಈಗ ನನ್ನ ಕೈಬೆವರಿನ ವಾಸನೆ.

ಕೈಬೆವರಿನ ವಿಷಯ ಬಂತಲ್ಲ, ಅದನ್ನು ಹೇಳದೆ ಈ ವಿಮರ್ಶೆಗೆ ಅರ್ಥ ಇಲ್ಲ.

ನಾನು ಒಂದು ಆಡಿಟ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕ್ಯಾಲೆಂಡರಿನಲ್ಲಿ ಹಬ್ಬಗಳಿಗಿಂತ ಗಡುವುಗಳೇ ಜಾಸ್ತಿ. 11ಕ್ಕೊಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. ಹೋದ ವರ್ಷ ಜುಲೈ 19ರ ರಾತ್ರಿ, ಊಟ ಮಾಡಿ ಮಲಗಿದವನಿಗೆ ಒಂದೂವರೆಗೆ ಎಚ್ಚರ ಆಯಿತು. ಎದೆ ಓಡುತ್ತಿತ್ತು. ಬಡಿಯುತ್ತಿತ್ತು ಅಂತ ಹೇಳುತ್ತಾರಲ್ಲ, ಹಾಗಲ್ಲ, ಓಡುತ್ತಿತ್ತು. ಬೆರಳ ತುದಿ ಜುಮ್ ಅನ್ನುತ್ತಿತ್ತು, ಅಂಗೈ ಒದ್ದೆ, ಉಸಿರು ಎಳೆದಷ್ಟೂ ಸಾಲುತ್ತಿಲ್ಲ. ಅಪ್ಪ ಹೋಗಿದ್ದು ಹೃದಯದ ತೊಂದರೆಯಿಂದಲೇ, ಹಾಗಾಗಿ ಅಮ್ಮ ಒಂದು ಮಾತೂ ಆಡದೆ ಚಪ್ಪಲಿ ಹಾಕಿಕೊಂಡು ಆಟೋ ಹಿಡಿದರು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ತೆಗೆದರು, ಬೆಳಗಿನವರೆಗೆ ಇಟ್ಟುಕೊಂಡರು, ಎಲ್ಲಾ ನಾರ್ಮಲ್. ಡ್ಯೂಟಿ ಡಾಕ್ಟರ್ ಫೈಲ್ ಮುಚ್ಚುತ್ತಾ "ಆಂಕ್ಸೈಟಿ ಅಷ್ಟೇ, ಟೆನ್ಶನ್ ತಗೋಬೇಡಿ" ಅಂದರು. ಬಿಲ್ ಕೈಗೆ ಬಂದಾಗ ಟೆನ್ಶನ್ ತಗೊಂಡೆ.

ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಆಮೇಲೆ ಶುರುವಾಗಿದ್ದು ಭಯ ಬರುತ್ತದಾ ಅನ್ನೋ ಭಯ. ಲಿಂಗರಾಜಪುರದಿಂದ ಶಿವಾಜಿನಗರಕ್ಕೆ ಬಸ್ಸಿನಲ್ಲಿ ಬರುವಾಗ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದೆ, ಸೀಟ್ ಖಾಲಿ ಇದ್ದರೂ. ಮೀಟಿಂಗಿನಲ್ಲಿ ಕೂತು ಮಣಿಕಟ್ಟಿನ ನಾಡಿ ಎಣಿಸುತ್ತಿದ್ದೆ. ಮಲಗುವ ಮುಂಚೆ ನಾಡಿ, ಎದ್ದ ಮೇಲೆ ನಾಡಿ, ಕಾಫಿ ಕುಡಿದ ಮೇಲೆ ನಾಡಿ. ಇದನ್ನೆಲ್ಲಾ ನೋಡಿ ನೋಡಿ ಅಮ್ಮ ಸೆಪ್ಟೆಂಬರಿನಲ್ಲಿ ಈ ಜಪಸರ ತಂದು ನನ್ನ ದಿಂಬಿನ ಮೇಲೆ ಇಟ್ಟು, "ಎಣಿಸ್ಲೇಬೇಕು ಅಂತಿದ್ರೆ ಇದನ್ನ ಎಣಿಸು" ಅಂದರು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಶಿಲುಬೆ ಹಿಡಿದು ವಿಶ್ವಾಸ ಪ್ರಮಾಣ, ಅಂದರೆ ನಮ್ಮ ನಂಬಿಕೆಯನ್ನು ಹೇಳಿಕೊಳ್ಳುವ ಪ್ರಾರ್ಥನೆ, ಹೇಳಿ ಶುರು. ನಂತರ ಬಾಲದ ಹಾಗೆ ಇಳಿದಿರುವ ಐದು ಮಣಿ. ಆಮೇಲೆ ಸುತ್ತು. ಐದು ಹತ್ತುಗಳು, ಪ್ರತಿ ಹತ್ತಕ್ಕೂ ಮೊದಲು ದೊಡ್ಡ ಮಣಿ ಹಿಡಿದು ಒಂದು ಪರಲೋಕ ಮಂತ್ರ, ಅಂದರೆ ಯೇಸು ಕಲಿಸಿದ ಪ್ರಾರ್ಥನೆ, ಆಮೇಲೆ ಮಣಿಗೊಂದು ನಮೋ ಮರಿಯಾ, ಅದು ಮಾತೆಗೆ ಹೇಳುವ ಪುಟ್ಟ ಪ್ರಾರ್ಥನೆ. ಒಂದೊಂದು ಹತ್ತಕ್ಕೂ ಯೇಸುವಿನ ಅಥವಾ ಮಾತೆಯ ಬದುಕಿನ ಒಂದು ಘಟನೆ ನೆನೆಸಿಕೊಳ್ಳಬೇಕು, ಅದನ್ನು ರಹಸ್ಯ ಅನ್ನುತ್ತೇವೆ. ಸೋಮವಾರ ಶನಿವಾರ ಸಂತೋಷದ ರಹಸ್ಯ, ಮಂಗಳವಾರ ಶುಕ್ರವಾರ ದುಃಖದ್ದು, ಬುಧವಾರ ಭಾನುವಾರ ಮಹಿಮೆಯದು. ಗುರುವಾರದ ಬೆಳಕಿನ ರಹಸ್ಯ ಹೊಸದು, 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದ್ದು. ಹಾಗಾಗಿ ಅಜ್ಜಿಯಂಥವರು ಕೊನೆವರೆಗೂ ಗುರುವಾರ ಹಳೇ ಪದ್ಧತಿಯಲ್ಲೇ ಹೇಳಿಕೊಂಡು ಹೋದರು. ಪೂರ್ತಿ ಒಂದು ಸುತ್ತಿಗೆ 20 ನಿಮಿಷ ಬೇಕು. ಅಜ್ಜಿಗೆ 12 ಸಾಕಿತ್ತು. ಅವರ "ನಮೋ ಮರಿಯಾ" ಒಂದೇ ಪದದ ಹಾಗೆ ಕೇಳಿಸುತ್ತಿತ್ತು.

ಹಿಂದೆ ಓದು ಬಾರದ ಜನರಿಗೆ ಬೈಬಲ್ಲಿನ 150 ಕೀರ್ತನೆಗಳ ಬದಲು 150 ನಮೋ ಮರಿಯಾ ಅಂತ ಬೆಳೆದುಬಂದ ಪ್ರಾರ್ಥನೆ ಇದು. ನಮ್ಮ ಅಜ್ಜಿಗೆ ಇದು ಸರಿಯಾಗಿ ಹೊಂದುತ್ತಿತ್ತು, ಅವರಿಗೆ ಓದಲು ಬರುತ್ತಿರಲಿಲ್ಲ. ಅವರದು ಹಾಸನದ ಹತ್ತಿರದ ಶೆಟ್ಟಿಹಳ್ಳಿ. ಆ ಹೆಸರು ಕೇಳಿದರೆ ಈಗ ಎಲ್ಲರಿಗೂ ಪ್ರೀ ವೆಡ್ಡಿಂಗ್ ಫೋಟೋ ನೆನಪಾಗುತ್ತದೆ, ನೀರಲ್ಲಿ ಅರ್ಧ ಮುಳುಗಿದ, ಚಾವಣಿ ಇಲ್ಲದ ಚರ್ಚ್. 1860ರ ಆಸುಪಾಸಿನಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಬಂತು, ಜನ ಊರು ಬಿಟ್ಟರು, ಚರ್ಚ್ ಅಲ್ಲೇ ಉಳಿಯಿತು. ಫೋಟೋ ತೆಗೆಸುವವರಿಗೆ ಅದು ಮುಳುಗು ಚರ್ಚ್. ಅದರ ಹೆಸರೇ ಜಪಮಾಲೆ ಮಾತೆಯ ಚರ್ಚ್ ಅಂತ ಎಷ್ಟು ಜನಕ್ಕೆ ಗೊತ್ತೋ. ಅಜ್ಜಿಯ ಮದುವೆ ಆಗಿದ್ದು ಅಲ್ಲಿ. ಮಳೆಗಾಲದಲ್ಲಿ ಟಿವಿಯಲ್ಲಿ ಅಣೆಕಟ್ಟೆಯ ನೀರಿನ ಮಟ್ಟ ಬಂದಾಗ ಅವರು ಏನೂ ಹೇಳುತ್ತಿರಲಿಲ್ಲ, ಸೆರಗಿನೊಳಗೆ ಕೈ ಹೋಗುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ನಾವು ಮಕ್ಕಳು ನಗುತ್ತಿದ್ದೆವು.

ಸರಿ, ನನ್ನ ಕಥೆಗೆ ಬರುತ್ತೇನೆ. ಪಿಯುಸಿ ಮುಗಿದ ಮೇಲೆ ನಾನು ಜಪಸರ ಮುಟ್ಟಿದ್ದೇ ಇಲ್ಲ. ಕ್ರಿಸ್ಮಸ್, ಈಸ್ಟರ್, ಯಾರದಾದರೂ ಮದುವೆ, ಅಷ್ಟೇ ಚರ್ಚು. ಮೊದಲ ವಾರ ನನಗೆ ಅನಿಸಿದ್ದನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ. ಏನೂ ಆಗಲಿಲ್ಲ. ಎದೆ ಓಡುತ್ತಲೇ ಇತ್ತು, ಬಾಯಿ ಒಂದು ಕಡೆ ನಮೋ ಮರಿಯಾ ಹೇಳುತ್ತಿತ್ತು, ತಲೆ ಇನ್ನೊಂದು ಕಡೆ ನಾಳೆಯ ಫೈಲ್ ತೆರೆದು ಕೂತಿತ್ತು. ಎರಡನೇ ವಾರ ಇನ್ನೂ ಕೆಟ್ಟಿತು.

ಯಾಕೆಂದರೆ ಲೆಕ್ಕ ತಪ್ಪುತ್ತಿತ್ತು. ನಾನು ಬೆರಳಲ್ಲಿ ಮಣಿ ಜರುಗಿಸುತ್ತಾ ಮನಸ್ಸಿನಲ್ಲೂ ಎಣಿಸುತ್ತಿದ್ದೆ, ಹಳೇ ಚಾಳಿ. ಮೂರನೇ ಹತ್ತರಲ್ಲಿ ಮನಸ್ಸು ಒಂಬತ್ತು ಅನ್ನುವಾಗ ಬೆರಳು ದೊಡ್ಡ ಮಣಿಯ ಪಕ್ಕಕ್ಕೆ ಬಂದಿರುತ್ತಿತ್ತು. ಎಲ್ಲೋ ಒಂದು ಬಿಟ್ಟೆ ಅಂತ ಮತ್ತೆ ಹತ್ತರ ಶುರುವಿಗೆ. ಮತ್ತೆ ಒಂಬತ್ತು. ಗಮನ ಇಟ್ಟು ಹೇಳಿಲ್ಲ, ಇದು ಲೆಕ್ಕಕ್ಕಿಲ್ಲ, ಪೂರ್ತಿ ಮೊದಲಿಂದ. 20 ನಿಮಿಷದ ಜಪ ಮುಕ್ಕಾಲು ಗಂಟೆ ಆಗತೊಡಗಿತು. ಒಂದು ರಾತ್ರಿ ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಮೂರನೇ ಹತ್ತರಲ್ಲಿ ಸಿಕ್ಕಿಹಾಕಿಕೊಂಡು, ನನ್ನ ತಲೆ ಕೆಟ್ಟಿದೆ ಅಂತ ಖಾತ್ರಿಯಾಗಿ ಹಾಸಿಗೆ ಮೇಲೆ ಕೂತು ಅತ್ತುಬಿಟ್ಟೆ. ದೊಡ್ಡ ಗಂಡಸು, ಮೂವತ್ತನಾಲ್ಕು ವಯಸ್ಸು. ಆಮೇಲೆ ಲೈಟ್ ಹಾಕಿ, ಪೆನ್ನಿನ ತುದಿಯಿಂದ ಒಂದೊಂದೇ ಮಣಿ ಎಣಿಸಿದೆ.

ಒಂಬತ್ತು.

ತಲೆ ಸರಿ ಇತ್ತು. ಮಾಲು ಸರಿ ಇರಲಿಲ್ಲ. ಇಷ್ಟು ಸಮಾಧಾನ ಆ ಇಸಿಜಿ ರಿಪೋರ್ಟ್ ನೋಡಿದಾಗಲೂ ಆಗಿರಲಿಲ್ಲ.

ಆ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಫಾದರ್ ಹತ್ತಿರ ಹೋಗಿ ತೋರಿಸಿದೆ. ವಯಸ್ಸಾದವರು, ಮಾತು ಕಮ್ಮಿ. ಇಂಥ ಜಪಸರದಲ್ಲಿ ಹೇಳಿದ್ದು ಸಲ್ಲುತ್ತಾ ಅಂತ ಕೇಳಿದೆ. ಅವರು ನನ್ನ ಕೈಯಿಂದ ತೆಗೆದುಕೊಂಡು ಮೂರನೇ ಹತ್ತನ್ನು ಹುಡುಕಿ ಎಣಿಸಿ ನಕ್ಕರು. "ನೀನು ಮಾತೆ ಹತ್ರ ಮಾತಾಡೋಕೆ ಕೂತ್ಕೊಳ್ತೀಯಾ, ಇಲ್ಲಾ ಲೆಕ್ಕ ಒಪ್ಪಿಸೋಕಾ?" ಅಂದರು. ನಾನು ಸುಮ್ಮನೆ ನಿಂತೆ. "ತಪ್ಪಿದ್ರೆ ಮುಂದಕ್ಕೆ ಹೋಗು. ಮೊದಲಿಂದ ಶುರು ಮಾಡೋದು ಬೇಡ. ಒಂದು ವೇಳೆ ನಿದ್ದೆ ಬಂದ್ರೆ ಮಲಕ್ಕೋ, ಉಳಿದಿದ್ದನ್ನ ಅವರು ನೋಡ್ಕೋತಾರೆ." ಆಮೇಲೆ ತೀರ್ಥ ಚಿಮುಕಿಸಿ ಆಶೀರ್ವಾದ ಮಾಡಿ ವಾಪಸ್ ಕೊಟ್ಟರು. ಹತ್ತನೇ ಮಣಿ ಹಾಕಿಸು ಅಂತ ಹೇಳಲಿಲ್ಲ. ನಾನೂ ಹಾಕಿಸಲಿಲ್ಲ. ಈಗ ಆ ಜಾಗಕ್ಕೆ ಬಂದಾಗ ಹತ್ತನೆಯದನ್ನು ಬರೀ ದಾರ ಹಿಡಿದು ಹೇಳುತ್ತೇನೆ.

ಅಂದಿನಿಂದ ಇದು ಕೆಲಸ ಮಾಡಲು ಶುರುವಾಯಿತು ಅಂತ ಬರೆದರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಅದೇ ದಿನ ಏನೂ ಆಗಲಿಲ್ಲ. ನಿಧಾನಕ್ಕೆ ಆಯಿತು. ಅಕ್ಟೋಬರ್ ಹೇಗೂ ಜಪಮಾಲೆಯ ತಿಂಗಳು, 7ಕ್ಕೆ ಜಪಮಾಲೆ ಮಾತೆಯ ಹಬ್ಬ. ನಮ್ಮ ಬೀದಿಯಲ್ಲಿ ಸಂಜೆ ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರಿ ಜಪ ಮಾಡುತ್ತಾರೆ. ಅಮ್ಮ ಎಳೆದುಕೊಂಡು ಹೋದರು. ಅಲ್ಲಿ ಒಬ್ಬರು ಅರ್ಧ ಹೇಳುತ್ತಾರೆ, ಉಳಿದವರು "ಸಂತ ಮರಿಯಾ" ಅಂತ ಮಿಕ್ಕ ಅರ್ಧ ಹೇಳುತ್ತಾರೆ. ನನಗೆ ಅದೇ ಕೀಲಿ ಅನಿಸಿದ್ದು. ಅವರು ಹೇಳುವಾಗ ನಾನು ಉಸಿರು ಎಳೆದುಕೊಳ್ಳುತ್ತೇನೆ, ನಾನು ಹೇಳುವಾಗ ಉಸಿರು ತಾನಾಗಿ ಹೊರಗೆ ಹೋಗುತ್ತದೆ. ಯಾರೂ ಉಸಿರಾಟದ ವ್ಯಾಯಾಮ ಮಾಡಿ ಅಂತ ಹೇಳಿಕೊಟ್ಟಿಲ್ಲ. ಒಂದು ಬೀದಿಯ ಜನ ಒಂದೇ ಲಯದಲ್ಲಿ ಉಸಿರಾಡುತ್ತಿರುತ್ತೇವೆ, ಕುಕ್ಕರ್ ಕೂಗಿದರೂ ನಿಲ್ಲಲ್ಲ.

ಇದು ನನ್ನ ಭ್ರಮೆಯೋ ಏನೋ ಅಂತ ಹುಡುಕಿದಾಗ ಒಂದು ಅಧ್ಯಯನ ಸಿಕ್ಕಿತು. 2001ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದ್ದು. ಲುಚಿಯಾನೊ ಬೆರ್ನಾರ್ಡಿ ಅನ್ನುವ ಇಟಲಿಯ ವೈದ್ಯರ ತಂಡ 23 ಜನರ ಕೈಯಲ್ಲಿ ಲ್ಯಾಟಿನ್ನಿನ ನಮೋ ಮರಿಯಾವನ್ನೂ, ಬೌದ್ಧರ "ಓಂ ಮಣಿ ಪದ್ಮೇ ಹೂಂ" ಮಂತ್ರವನ್ನೂ ಹೇಳಿಸಿ ಉಸಿರು ಮತ್ತು ಹೃದಯದ ಲಯ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಅದಕ್ಕೆ ತಕ್ಕಂತೆ ಹೃದಯವೂ ಹೊಂದಿಕೊಂಡಿತು. ಸಾಮಾನ್ಯವಾಗಿ ನಾವು ಅದರ ಎರಡರಷ್ಟಕ್ಕಿಂತ ಜಾಸ್ತಿ ಸಲ ಉಸಿರಾಡುತ್ತೇವೆ. ಇದನ್ನು ಓದಿ ಖುಷಿಯಾಯಿತು. ಆದರೆ ಜಾಸ್ತಿ ಹಿಗ್ಗಬಾರದು. ಅವರೆಲ್ಲಾ ಆರೋಗ್ಯವಂತರು, ಇದ್ದದ್ದು 23 ಜನ ಅಷ್ಟೇ, ಹೇಳಿದ್ದು ಲ್ಯಾಟಿನ್. ರಾತ್ರಿ ಒಂದೂವರೆಗೆ ಎದ್ದು ಕೂತ ಕನ್ನಡದ ಆಡಿಟ್ ಗುಮಾಸ್ತನ ಮೇಲೆ ಯಾರೂ ಪರೀಕ್ಷೆ ಮಾಡಿಲ್ಲ. ನಾನೇ ಒಮ್ಮೆ ಫೋನ್ ಇಟ್ಟು ನೋಡಿದೆ, ಆರಾಮಾಗಿ ಹೇಳಿದರೆ ಒಂದು ನಮೋ ಮರಿಯಾಗೆ ಹನ್ನೆರಡು ಸೆಕೆಂಡ್. ಅಜ್ಜಿಯ ವೇಗದಲ್ಲಿ ಹೇಳಿದರೆ ಈ ಲಾಭ ಸಿಗಲ್ಲ ಅಂತ ಕಾಣುತ್ತದೆ. ಆದರೂ ಅಜ್ಜಿ ನಮ್ಮೆಲ್ಲರಿಗಿಂತ ಶಾಂತವಾಗಿದ್ದರು, ಅದನ್ನು ಯಾವ ಜರ್ನಲ್‌ನಲ್ಲಿ ಹುಡುಕೋದು?

ಬರೀ ಉಸಿರಾಟವೇ ಆಗಿದ್ದರೆ ಇದಕ್ಕೆ 120 ರೂಪಾಯಿ ದಂಡ, ಯೂಟ್ಯೂಬ್‌ನಲ್ಲಿ ಬಿಟ್ಟಿ ಸಿಗುತ್ತದೆ. ನನಗೆ ನಿಜವಾಗಿ ತಟ್ಟಿದ್ದು ಮಂಗಳವಾರಗಳು. ದುಃಖದ ಮೊದಲ ರಹಸ್ಯ ಗೆತ್ಸೆಮನೆ ತೋಪಿನದು, ಯೇಸುವನ್ನು ಶಿಲುಬೆಗೆ ಏರಿಸಿದ ಹಿಂದಿನ ರಾತ್ರಿಯದು. ಮಾರನೇ ದಿನ ಏನಾಗುತ್ತದೆ ಅಂತ ಯೇಸು ಸ್ವಾಮಿಗೆ ಗೊತ್ತು. ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬಿತ್ತು ಅಂತ ಬೈಬಲ್ಲಿನಲ್ಲಿ ಲೂಕ ಬರೆಯುತ್ತಾನೆ. ಜೊತೆಗೆ ಎಚ್ಚರವಾಗಿರಿ ಅಂತ ಕೇಳಿಕೊಂಡರೆ ಗೆಳೆಯರು ಗೊರಕೆ ಹೊಡೆಯುತ್ತಿದ್ದಾರೆ. ಚಿಕ್ಕಂದಿನಿಂದ ನೂರಾರು ಸಲ ಕೇಳಿದ್ದೆ. ಆದರೆ ಅಂಗೈ ಬೆವರಿ ಮಣಿ ಜಾರುತ್ತಿರುವಾಗ ಕೇಳಿದ್ದು ಅದೇ ಮೊದಲು. ಬೆವರು, ನಿದ್ದೆಯಿಲ್ಲದ ರಾತ್ರಿ, ನಾಳೆಯ ಹೆದರಿಕೆ, ಪಕ್ಕದಲ್ಲಿ ಮಲಗಿರುವ ಜನ. ಇದೆಲ್ಲಾ ನನಗೊಬ್ಬನಿಗೇ ಬಂದ ಕಾಯಿಲೆ ಅಂದುಕೊಂಡಿದ್ದೆ. ಇನ್ನೊಂದು ವಿಷಯ ಮತ್ತಾಯ ಬರೆದದ್ದರಲ್ಲಿದೆ. ಯೇಸು ಮೂರನೇ ಸಲವೂ ಹೋಗಿ ಅದೇ ಮಾತನ್ನೇ ಹೇಳಿ ಪ್ರಾರ್ಥಿಸಿದರಂತೆ. ಹೊಸ ಮಾತು ಹುಡುಕಲಿಲ್ಲ. ಹೇಳಿದ್ದನ್ನೇ ಹೇಳ್ತೀರಲ್ಲ, ಬೋರ್ ಆಗಲ್ವಾ ಅಂತ ಸಹೋದ್ಯೋಗಿ ಕೇಳಿದಾಗ ನನ್ನ ಹತ್ತಿರ ಇದ್ದ ಉತ್ತರ ಅದೊಂದೇ. ಹೆದರಿದವನಿಗೆ ಹೊಸ ಮಾತು ಬರಲ್ಲ. ಇರುವ ಮಾತನ್ನೇ ಹಿಡಿದುಕೊಳ್ಳುತ್ತಾನೆ.

ಮತ್ತೆ, ಈ ಸಂಕಟದ ಬಟ್ಟಲು ನನ್ನಿಂದ ದೂರ ಹೋಗಲಿ ಅಂತ ಯೇಸು ಕೇಳಿಕೊಂಡ ಹಾಗೆ ಅದು ದೂರ ಹೋಗಲೂ ಇಲ್ಲ. ಇದನ್ನು ಯಾರೂ ವಾಟ್ಸಾಪ್‌ನಲ್ಲಿ ಕಳಿಸಲ್ಲ. ಕಳಿಸುವುದು ಚಿಂತೆ ಮಾಡಬೇಡಿ, ಆಕಾಶದ ಹಕ್ಕಿಗಳನ್ನು ನೋಡಿ ಅನ್ನುವ ವಾಕ್ಯ, ಸೂರ್ಯೋದಯದ ಚಿತ್ರದ ಮೇಲೆ. ಒಳ್ಳೆಯ ವಾಕ್ಯವೇ. ಆದರೆ ಆತಂಕ ಇರುವವನಿಗೆ ಚಿಂತೆ ಮಾಡಬೇಡ ಅನ್ನೋದು, ಬಿಕ್ಕಳಿಕೆ ಬಂದವನಿಗೆ ಬಿಕ್ಕಬೇಡ ಅಂದ ಹಾಗೆ.

ಈಗ ಮುಖ್ಯವಾದ ಎಚ್ಚರಿಕೆ. ಈ ವಸ್ತುವನ್ನು ಔಷಧಿ ಅಂತ ಕೊಳ್ಳಬೇಡಿ. ನಾನು ಅಕ್ಟೋಬರ್ ಕೊನೆಯಲ್ಲಿ ಮನೋವೈದ್ಯರ ಹತ್ತಿರ ಹೋದೆ, ಇನ್ನೂ ಬೇಗ ಹೋಗಬೇಕಿತ್ತು. ಅವರು ದಿನಕ್ಕೊಂದು ಮಾತ್ರೆ ಬರೆದರು, ಕೆಲಸ ಶುರು ಮಾಡಲು ಕೆಲವು ವಾರ ಬೇಕು ಅಂದರು, ಜೊತೆಗೆ ಕೌನ್ಸೆಲಿಂಗ್. ನಾಡಿ ಎಣಿಸುವುದನ್ನು ಬಿಡಿಸಿದ್ದು ಆ ಕೌನ್ಸೆಲರ್. ಎಣಿಸಬೇಕು ಅನಿಸಿದಾಗ ಎಣಿಸದೆ ಹತ್ತು ನಿಮಿಷ ಕೂತು ನೋಡಿ ಅಂದರು. ನಾನು ಜಪಸರದ ಬಗ್ಗೆ ಸಂಕೋಚದಿಂದಲೇ ಹೇಳಿದೆ. ಅವರು ನಗಲಿಲ್ಲ. "ಅದು ನಿಮಗೆ ಸಮಾಧಾನ ಕೊಡ್ತಿದ್ರೆ ಮಾಡಿ. ಮಾಡದೇ ಇದ್ರೆ ಏನೋ ಕೆಟ್ಟದ್ದು ಆಗುತ್ತೆ ಅನಿಸೋಕೆ ಶುರುವಾದ್ರೆ ನನಗೆ ಹೇಳಿ" ಅಂದರು. ಫಾದರ್ ಹೇಳಿದ್ದಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ ನನಗೆ.

ಆದರೆ ನೆಂಟರೊಬ್ಬರು ಕರೆದುಕೊಂಡು ಹೋದ ಒಂದು ಪ್ರಾರ್ಥನಾ ಕೂಟದಲ್ಲಿ ಬೇರೆ ಅನುಭವ ಆಯಿತು. ಮಾತ್ರೆ ತಗೊಳ್ಳೋದು ವಿಶ್ವಾಸ ಸಾಲದು ಅನ್ನೋದರ ಗುರುತು, ಇವತ್ತೇ ಬಿಟ್ಟುಬಿಡಿ ಅಂತ ತಲೆ ಮೇಲೆ ಕೈಯಿಟ್ಟು ಹೇಳಿದರು. ಮೈಕ್ ಸೌಂಡಿಗೇ ನನ್ನ ಎದೆ ಓಡುತ್ತಿತ್ತು. ಎರಡು ದಿನ ಮಾತ್ರೆ ಬಿಟ್ಟೂ ಬಿಟ್ಟೆ, ಮೂರನೇ ದಿನ ಅಮ್ಮ ಮಾತ್ರೆಯ ಹಾಳೆ ನೋಡಿ ಹಿಡಿದರು. ಅಮ್ಮ ಅಷ್ಟು ಗಟ್ಟಿಯಾಗಿ ಬೈದಿದ್ದು ನಾನು ಹತ್ತನೇ ಕ್ಲಾಸಿನಲ್ಲಿ ಸಿಗರೇಟ್ ಸೇದಿ ಸಿಕ್ಕಿಬಿದ್ದಾಗ ಮಾತ್ರ. "ಬಿಪಿ ಮಾತ್ರೆ ನಾನೂ ನುಂಗ್ತೀನಿ, ಹಾಗಾದ್ರೆ ನನಗೆ ವಿಶ್ವಾಸ ಇಲ್ವಾ?" ಅಂದರು. ಅದಕ್ಕೆ ಯಾವ ಬೋಧಕರ ಹತ್ತಿರವೂ ಉತ್ತರ ಇಲ್ಲ. ಇದನ್ನು ಓದುವವರಲ್ಲಿ ಯಾರಿಗಾದರೂ ರಾತ್ರಿ ತಡೆಯಲು ಆಗದಷ್ಟು ಕಷ್ಟ ಅನಿಸಿದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಸರ್ಕಾರದ್ದು, ಬಿಟ್ಟಿ, ಕನ್ನಡದಲ್ಲೇ ಮಾತಾಡುತ್ತಾರೆ. ಜಪಸರ ಇನ್ನೊಂದು ಕೈಯಲ್ಲಿ ಇರಲಿ, ಯಾರು ಬೇಡ ಅಂದರು.

ಬೇರೆ ಮಾದರಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ವಿಮರ್ಶೆ ಅಂದಮೇಲೆ ಹೋಲಿಕೆ ಬೇಕಲ್ಲ. ಕತ್ತಲಲ್ಲಿ ಹಸಿರಾಗಿ ಹೊಳೆಯುವ ಪ್ಲಾಸ್ಟಿಕ್‌ದು ಅಗ್ಗ, ಮಕ್ಕಳಿಗೆ ಇಷ್ಟ. ನನಗೆ ಮಾತ್ರ ರಾತ್ರಿ ಎಚ್ಚರವಾದಾಗ ದಿಂಬಿನ ಪಕ್ಕ ಅದು ಹೊಳೆಯೋದು ನೋಡಿ ಒಮ್ಮೆ ಎದೆ ಝಲ್ ಅಂದಿತು, ಉದ್ದೇಶವೇ ಹಾಳು. ಲೋಹದ ಚೈನಿನದು ನೋಡಲು ಚೆಂದ, ಆದರೆ ಬೆವರುವ ಕೈಗೆ ಆಗಲ್ಲ, ಕಪ್ಪಾಗುತ್ತದೆ, ಮತ್ತೆ ಕೊಂಡಿಗಳು ಬಾಯಿ ಬಿಡುತ್ತವೆ. ಜೇಬಿನಲ್ಲಿ ಇಯರ್‌ಫೋನ್ ಜೊತೆ ಸುತ್ತಿಕೊಂಡರೆ ಬಿಡಿಸುವಷ್ಟರಲ್ಲಿ ಎರಡು ಹತ್ತು ಮುಗಿಸಬಹುದು. ಗಾಜಿನ ಮಣಿ ಮದುವೆಗೆ ಚೆನ್ನ. ಬೆತ್ಲೆಹೇಮಿನಿಂದ ಆಲಿವ್ ಮರದ್ದು ತಂದು ಕೊಟ್ಟರೆ ಬೇಡ ಅನ್ನಬೇಡಿ, ಅದರ ಕಥೆಯೇ ಬೇರೆ. ಬೆರಳಿಗೆ ಹಾಕುವ ಉಂಗುರದಂಥದ್ದು ಇದೆ, ಸುತ್ತ ಹತ್ತು ಉಬ್ಬು ಇರುತ್ತದೆ. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಾಗ ಅದಕ್ಕಿಂತ ಒಳ್ಳೆಯದು ಇಲ್ಲ, ಅದನ್ನೂ ಒಂದು ಇಟ್ಟುಕೊಂಡಿದ್ದೇನೆ. ಆಪ್‌ಗಳೂ ಇವೆ, ಪರದೆ ಮೇಲೆ ಮಣಿ ಮುಟ್ಟಿದರೆ ಮುಂದಕ್ಕೆ ಹೋಗುತ್ತದೆ. ನಾನು ಎರಡೇ ದಿನಕ್ಕೆ ತೆಗೆದುಹಾಕಿದೆ. ನಾಲ್ಕನೇ ಹತ್ತರಲ್ಲಿ ಮ್ಯಾನೇಜರ್ ಮೆಸೇಜ್ ಮೇಲಿನಿಂದ ಇಳಿಯಿತು.

ಸಿಎಸ್‌ಐ ಅನ್ನುವ ಪ್ರಾಟೆಸ್ಟಂಟ್ ಚರ್ಚಿನ ಗೆಳೆಯರು ಕೇಳುತ್ತಾರೆ, ಮಣಿ ಯಾಕೆ, ನೇರ ಸ್ವಂತ ಮಾತಲ್ಲಿ ಪ್ರಾರ್ಥನೆ ಮಾಡಬಾರದಾ ಅಂತ. ಮಾಡಬಹುದು, ನಾನೂ ಮಾಡುತ್ತೇನೆ. ಆದರೆ ಆತಂಕ ಬಂದಾಗ ನನ್ನ ಸ್ವಂತ ಮಾತೇ ನನಗೆ ಶತ್ರು. ಹಾಗಾದರೆ, ಹೀಗಾದರೆ, ಒಂದು ವೇಳೆ, ಅಕಸ್ಮಾತ್. ಆಗ ಬೇರೆಯವರು ಮೊದಲೇ ಹೇಳಿಟ್ಟ, ಅಜ್ಜಿ ಬಾಯಲ್ಲಿ ಸವೆದು ನುಣುಪಾದ ಮಾತು ಬೇಕು ನನಗೆ.

ಎಲ್ಲಿ ಕೆಲಸ ಮಾಡಲ್ಲ ಅನ್ನೋದನ್ನೂ ಹೇಳಬೇಕು. ಪೂರ್ತಿ ಜೋರಾಗಿ ಆತಂಕ ಬಂದ ಮೇಲೆ, ಆ ಮೊದಲ ಐದು ನಿಮಿಷ, ಯಾವ ರಹಸ್ಯವೂ ನೆನಪಿಗೆ ಬರಲ್ಲ. ಆಗ ಶಿಲುಬೆಯನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದುಕೊಳ್ಳುತ್ತೇನೆ, ಅದರ ಮೂಲೆ ಅಂಗೈಗೆ ಚುಚ್ಚುತ್ತದೆ, ಅಷ್ಟೇ ಪ್ರಾರ್ಥನೆ. ಈ ವರ್ಷ ಮಾರ್ಚ್ ಕೊನೆಯಲ್ಲಿ ಎರಡು ಸಲ ಬಂತು. ಆಫೀಸಿನ ಮೆಟ್ಟಿಲ ಮೇಲೆ ಕೂತು ಕಳೆದೆ. ಜುಲೈ 19 ಬಂದಾಗ ಬೇಕಂತಲೇ ಎಚ್ಚರವಾಗಿದ್ದೆ, ಒಂದೂವರೆಗೆ ಏನಾಗುತ್ತದೋ ನೋಡೋಣ ಅಂತ. ಎರಡನೇ ಹತ್ತರಲ್ಲಿ ನಿದ್ದೆ ಬಂದುಬಿಟ್ಟಿತು. ಬೆಳಿಗ್ಗೆ ಜಪಸರ ಬೆನ್ನಿನ ಕೆಳಗಿತ್ತು, ಬನಿಯನ್ ತೆಗೆದು ಕನ್ನಡಿಯಲ್ಲಿ ನೋಡಿದರೆ ಮಣಿಗಳ ಅಚ್ಚು ಸಾಲಾಗಿ ಬಿದ್ದಿತ್ತು.

ಈ ಸೆಪ್ಟೆಂಬರಿನಲ್ಲಿ ಅಮ್ಮನ ಜೊತೆ ನಾನೂ ಹಬ್ಬಕ್ಕೆ ಹೋದೆ. ಅದೇ ಅಂಗಡಿ ಅಂತ ಅಮ್ಮ ಗುರುತಿಸಿದರು, ನನಗೆ ಎಲ್ಲವೂ ಒಂದೇ ಥರ ಕಂಡವು. ಸ್ಟೂಲ್ ಮೇಲೆ ಕೂತಿದ್ದ ಆಂಟಿಗೆ ಜೇಬಿನಿಂದ ತೆಗೆದು ತೋರಿಸಿದೆ, ಹೋದ ವರ್ಷ ನಿಮ್ಮ ಹತ್ತಿರ ತಗೊಂಡಿದ್ದು, ಒಂದು ಮಣಿ ಕಮ್ಮಿ ಅಂತ. ಅವರು ಕನ್ನಡಕ ಏರಿಸಿ ಎಣಿಸಿದರು.

"ಅಯ್ಯೋ, ಹೌದಲ್ಲ. ಒಂದು ವರ್ಷ ಹಂಗೇ ಇಟ್ಕೊಂಡಿದ್ರಾ? ಕೊಡಿ, ಬೇರೆ ಕೊಡ್ತೀನಿ."

"ಬೇಡ ಆಂಟಿ, ಇದೇ ಇರಲಿ."

"ಮತ್ಯಾಕೆ ತೋರಿಸಿದ್ರಿ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫೀಸಿನಲ್ಲಿ ಹೊಸದಾಗಿ ಸೇರಿದ ಒಬ್ಬ ಹುಡುಗ ಇದ್ದಾನೆ, ಮಂಗಳೂರು ಕಡೆಯವನು, 20ನೇ ತಾರೀಖು ಹತ್ತಿರ ಬಂದರೆ ಪದೇ ಪದೇ ನೀರು ಕುಡಿಯಲು ಎದ್ದು ಹೋಗುತ್ತಾನೆ. ಅವನಿಗೆ ಅಂತ ಅದೇ ಥರದ್ದು ಇನ್ನೊಂದು ತೆಗೆದುಕೊಂಡೆ. ಈ ಸಲ 150, ಒಂದು ರೂಪಾಯಿ ಇಳಿಸಲಿಲ್ಲ. ಅಲ್ಲೇ ನಿಂತು ಎಣಿಸಿದೆ, ಹಿಂದೆ ಜನ ತಳ್ಳುತ್ತಿದ್ದರು, ಅಮ್ಮ ತಲೆ ಚಚ್ಚಿಕೊಂಡರು. 59 ಇತ್ತು.